ಹೆಂಚಿನ ಮನೆಯ ನಕ್ಷೆ ತೆರೆಯಲು ಮೂರು ನಿಮಿಷ: ವಿನ್ಯಾಸ ಕಚೇರಿಯ ಕಂಪ್ಯೂಟರುಗಳಲ್ಲಿ ಮೊದಲು ಏನನ್ನು ಬದಲಿಸಬೇಕು?

ಪ್ರಶ್ನೆ (ಶಿವಮೊಗ್ಗ, ವಿನ್ಯಾಸ ಕಚೇರಿ)

ಎಲ್ಲರಿಗೂ ನಮಸ್ಕಾರ. ಮನೆಗಳ ನಕ್ಷೆ ಮತ್ತು ಒಳಾಂಗಣ ವಿನ್ಯಾಸದ ಒಂದು ಚಿಕ್ಕ ಕಚೇರಿಯನ್ನು ನಾನು ನಡೆಸುತ್ತಿದ್ದೇನೆ. ನಮ್ಮ ಕೆಲಸದ ಹೆಚ್ಚಿನ ಪಾಲು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳದ್ದು. ಜಂಬಿಟ್ಟಿಗೆಯ ಗೋಡೆ, ಇಳಿಜಾರಿನ ಮಾಡು, ಮಂಗಳೂರು ಹೆಂಚು, ಮುಂದೆ ಅಡಿಕೆ ಒಣಗಿಸುವ ಅಂಗಳ, ಇವಿಷ್ಟೂ ಇಲ್ಲದ ಮನೆ ನಮ್ಮಲ್ಲಿಗೆ ಬರುವುದೇ ಅಪರೂಪ.

ಕಚೇರಿಯಲ್ಲಿ ಆರು ಜನ ಕುಳಿತು ಕೆಲಸ ಮಾಡುತ್ತೇವೆ. ಐದು ಕಂಪ್ಯೂಟರುಗಳನ್ನು 2017ರಲ್ಲಿ ಒಟ್ಟಿಗೆ ಕೊಂಡದ್ದು: ಇಂಟೆಲ್ ಐ5-7400 ಪ್ರೊಸೆಸರ್, ಎಚ್110 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಪಟ್ಟಿ, 1 ಟಿಬಿಯ ಹಾರ್ಡ್ ಡಿಸ್ಕ್, ವಿಂಡೋಸ್ 10. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಯಾವುದರಲ್ಲೂ ಇಲ್ಲ. ಆರನೆಯದು 2020ರಲ್ಲಿ ಜೋಡಿಸಿದ್ದು: ರೈಜೆನ್ 5 3600, ಬಿ450 ಬೋರ್ಡ್, 16 ಜಿಬಿ ರ‍್ಯಾಮ್, 6 ಜಿಬಿಯ ಜಿಟಿಎಕ್ಸ್ 1660 ಸೂಪರ್ ಕಾರ್ಡ್. ರೆಂಡರ್, ಅಂದರೆ ಮಾದರಿಯಿಂದ ನೈಜವಾಗಿ ಕಾಣುವ ಚಿತ್ರ ತೆಗೆಯುವ ಕೆಲಸವೆಲ್ಲ ಅದರಲ್ಲೇ. ಎಲ್ಲರ ಫೈಲುಗಳೂ ಮೂಲೆಯಲ್ಲಿರುವ, ಇವೆಲ್ಲಕ್ಕಿಂತ ಹಳೆಯದಾದ ಒಂದು ಕಂಪ್ಯೂಟರಿನ ಫೋಲ್ಡರಿನಲ್ಲಿವೆ. ಅದನ್ನು ನಾವು ಗೌರವದಿಂದ ಸರ್ವರ್ ಎಂದು ಕರೆಯುತ್ತೇವೆ.

ತೊಂದರೆ ಇಷ್ಟು. ಆಟೋಕ್ಯಾಡ್‌ನಲ್ಲಿ ದೊಡ್ಡ ನಕ್ಷೆ ತೆರೆಯಲು ಮೂರು ನಿಮಿಷ ಹಿಡಿಯುತ್ತದೆ. ಮೂರು ಆಯಾಮದ ಮಾದರಿ ಕಟ್ಟುವ ಸ್ಕೆಚ್‌ಅಪ್‌ನಲ್ಲಿ ಹೆಂಚಿನ ಮಾಡು ಕೂರಿಸಿದ ಮೇಲೆ ಮನೆಯನ್ನು ತಿರುಗಿಸಿ ನೋಡಹೊರಟರೆ ಚಿತ್ರ ತಡವರಿಸುತ್ತದೆ. ರೆಂಡರ್‌ಗೆ ಹಾಕಿ ಮನೆಗೆ ಹೋದರೆ, ಮಳೆಗಾಲದ ರಾತ್ರಿ ಒಮ್ಮೆ ಕರೆಂಟ್ ಮಿಣುಕಿದರೂ ಬೆಳಿಗ್ಗೆ ಕಪ್ಪು ಪರದೆ ಕಾದಿರುತ್ತದೆ. ಅಂಗಡಿಯವರು ಐದೂ ಕಂಪ್ಯೂಟರುಗಳಿಗೆ 8 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಈ ವರ್ಷ ನಾನು ತೆಗೆದಿಡಬಹುದಾದದ್ದು ಹೆಚ್ಚೆಂದರೆ 3 ಲಕ್ಷ ರೂಪಾಯಿ. ಕಾರ್ಡ್ ಹಾಕಿಸಲೇ, ರ‍್ಯಾಮ್ ಹೆಚ್ಚಿಸಲೇ, ಅಥವಾ ಹಳೆಯದನ್ನೆಲ್ಲ ಬಿಟ್ಟು ಹೊಸದನ್ನೇ ಕೊಳ್ಳಲೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಶಿವಮೊಗ್ಗ, ಕಚೇರಿಗಳ ಕಂಪ್ಯೂಟರ್ ನಿರ್ವಹಣೆ)

ಮೇಡಂ, ಅಂಗಡಿಯವರ ಸಲಹೆಗೆ ಸದ್ಯಕ್ಕೆ ಒಪ್ಪಬೇಡಿ. ಅವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ವಿನ್ಯಾಸ ಎಂದ ಕೂಡಲೇ ಗ್ರಾಫಿಕ್ಸ್ ಕಾರ್ಡ್ ಎನ್ನುವುದು ಎಲ್ಲರಿಗೂ ರೂಢಿಯಾಗಿದೆ, ಅಷ್ಟೆ. ಆದರೆ ಆಟೋಕ್ಯಾಡ್‌ನಲ್ಲಿ ಎರಡು ಆಯಾಮದ ನಕ್ಷೆ ಬರೆಯುವವರಿಗೆ ಆ ಕಾರ್ಡಿನಿಂದ ಆಗುವ ಉಪಯೋಗ ತೀರಾ ಕಡಿಮೆ. ಆಟೋಕ್ಯಾಡ್ ತನ್ನ ಹೆಚ್ಚಿನ ಕೆಲಸಗಳನ್ನು ಪ್ರೊಸೆಸರಿನೊಳಗಿನ ಲೆಕ್ಕ ಮಾಡುವ ಘಟಕಗಳಲ್ಲಿ ಒಂದರಲ್ಲಿ, ಅಂದರೆ ಒಂದೇ ಕೋರ್‌ನಲ್ಲಿ ನಡೆಸುತ್ತದೆ, ಸ್ಕೆಚ್‌ಅಪ್‌ನಲ್ಲಿ ಮಾದರಿ ಕಟ್ಟುವ ಕೆಲಸವೂ ಹಾಗೆಯೇ. ಆದ್ದರಿಂದ ಇವುಗಳ ಮಟ್ಟಿಗೆ ಕೋರ್‌ಗಳ ಸಂಖ್ಯೆ ಮುಖ್ಯವಲ್ಲ, ಒಂದೊಂದು ಕೋರ್ ಎಷ್ಟು ಚುರುಕು ಎನ್ನುವುದೇ ಮುಖ್ಯ.

ಕೊಳ್ಳುವ ಮೊದಲು ಅಳೆಯಿರಿ. ನಿಧಾನವಾದ ಆ ನಕ್ಷೆಯನ್ನು ತೆರೆಯುವಾಗ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟವನ್ನು ಪಕ್ಕದಲ್ಲಿ ಇಟ್ಟುಕೊಂಡು, ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಈ ನಾಲ್ಕರ ಅಂಕಿಗಳನ್ನೂ ಬರೆದುಕೊಳ್ಳಿ. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ನಿಮ್ಮ ಐ5-7400ರಲ್ಲಿ ಇರುವುದು ನಾಲ್ಕೇ ಕೋರ್, ನಾಲ್ಕೇ ಥ್ರೆಡ್. ಒಂದು ಕೋರ್ ಉಸಿರುಗಟ್ಟಿ ದುಡಿಯುತ್ತಿದ್ದರೂ ಒಟ್ಟು ಬಳಕೆ 25 ಪ್ರತಿಶತದ ಆಸುಪಾಸಿನಲ್ಲೇ ಕಾಣುತ್ತದೆ. ಅದನ್ನು ನೋಡಿ ಪ್ರೊಸೆಸರ್ ಖಾಲಿ ಕುಳಿತಿದೆ ಎಂದು ಬಗೆಯುವವರಿದ್ದಾರೆ. ಗ್ರಾಫಿನ ಮೇಲೆ ಬಲ ಕ್ಲಿಕ್ ಮಾಡಿ ಒಂದೊಂದು ಕೋರ್ ಬೇರೆಬೇರೆಯಾಗಿ ಕಾಣುವಂತೆ ಮಾಡಿಕೊಂಡರೆ ನಿಜಸ್ಥಿತಿ ತಿಳಿಯುತ್ತದೆ.

ಇನ್ನೊಂದು ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅದರ ನಂತರದ ತಲೆಮಾರಿನದ್ದಾಗಿರಬೇಕು. ನಿಮ್ಮ ಐದೂ ಕಂಪ್ಯೂಟರುಗಳು ಏಳನೆಯವು, ಹಾಗಾಗಿ ಹೊರಗುಳಿಯುತ್ತವೆ. ಬೋರ್ಡನ್ನು ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸೋಣವೆಂದರೆ, ಎಚ್110 ಬೋರ್ಡ್ ಎಂಟನೆಯ ತಲೆಮಾರಿನ ಪ್ರೊಸೆಸರನ್ನು ಸ್ವೀಕರಿಸುವುದಿಲ್ಲ. ಸಾಕೆಟ್ಟಿನ ಹೆಸರು ಒಂದೇ ಇದ್ದರೂ ಅದು ಕೂಡುವುದಿಲ್ಲ. ಆದ್ದರಿಂದ ಆ ಐದರ ಮೇಲೆ ಹಾಕುವ ಪ್ರತಿ ರೂಪಾಯಿಗೂ, ನಾಳೆ ಇದನ್ನು ಬಿಚ್ಚಿ ಹೊಸ ಕಂಪ್ಯೂಟರಿಗೆ ಹಾಕಲು ಬರುತ್ತದೆಯೇ ಎಂಬ ಪ್ರಶ್ನೆ ಕೇಳಿಕೊಳ್ಳಿ. ಹಾರ್ಡ್ ಡಿಸ್ಕಿನ ಬದಲು ಕೂರಿಸುವ ವೇಗದ ಎಸ್‌ಎಸ್‌ಡಿಯನ್ನು ಹಾಕಬಹುದು. ಡಿಡಿಆರ್4 ರ‍್ಯಾಮನ್ನು ಹೊಸ ಬಗೆಯ ಡಿಡಿಆರ್5 ಬೋರ್ಡಿಗೆ ಹಾಕಲು ಬರುವುದಿಲ್ಲ.

ಅಳೆದ ಅಂಕಿಗಳನ್ನು ಇಲ್ಲಿ ಬರೆಯಿರಿ, ಮುಂದಿನದನ್ನು ಅದರ ಮೇಲೆ ಮಾತನಾಡೋಣ.

ಪ್ರಶ್ನೆ ಕೇಳಿದವರು

ಸರ್, ತಾವು ಹೇಳಿದಂತೆ ಎರಡು ದಿನ ಕುಳಿತು ಬರೆದುಕೊಂಡೆ. ಕಂಪ್ಯೂಟರ್ ಆನ್ ಮಾಡಿದ ಮೊದಲ ಹತ್ತು ನಿಮಿಷ ಡಿಸ್ಕ್ 100 ಪ್ರತಿಶತದಿಂದ ಇಳಿಯುವುದೇ ಇಲ್ಲ. ಆಟೋಕ್ಯಾಡ್ ಜೊತೆಗೆ ಸ್ಕೆಚ್‌ಅಪ್ ಮತ್ತು ಬ್ರೌಸರ್ ತೆರೆದರೆ 8 ಜಿಬಿ ಮೆಮೊರಿಯಲ್ಲಿ 7.6ರಷ್ಟು ತುಂಬಿಹೋಗುತ್ತದೆ. ಮಾಡನ್ನು ತಿರುಗಿಸುವಾಗ ಒಂದು ಕೋರ್ ಮಾತ್ರ ಮೇಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಉಳಿದ ಮೂರು ಮಲಗಿರುತ್ತವೆ. ಆದರೆ ನನಗೆ ಅರ್ಥವಾಗದ್ದು ನೆಟ್‌ವರ್ಕಿನ ಅಂಕಿ. ಸರ್ವರಿನಿಂದ ದೊಡ್ಡ ಫೈಲನ್ನು ನಕಲು ಮಾಡುವಾಗ ವೇಗ ಸೆಕೆಂಡಿಗೆ 11 ಎಂಬಿಯಲ್ಲಿ ನಿಂತುಬಿಡುತ್ತದೆ. ಐದೂ ಕಂಪ್ಯೂಟರುಗಳಲ್ಲಿ ಹೀಗೆಯೇ. ಅದೇ ಮೂರು ನಿಮಿಷದ ನಕ್ಷೆಯನ್ನು ಅದರ ಎಕ್ಸ್‌ರೆಫ್ ಫೈಲುಗಳ (ನಕ್ಷೆಗೆ ಕೊಂಡಿಯಾಗಿ ಸೇರಿಸಿದ ಬೇರೆ ನಕ್ಷೆಗಳ) ಸಮೇತ ನನ್ನ ಕಂಪ್ಯೂಟರಿಗೇ ನಕಲು ಮಾಡಿಕೊಂಡು ತೆರೆದರೆ ಒಂದು ನಿಮಿಷಕ್ಕಿಂತ ಕಡಿಮೆ ಸಮಯ ಸಾಕಾಯಿತು.

ಉತ್ತರ 2 (ಸಾಗರ, ನೆಟ್‌ವರ್ಕ್ ಮತ್ತು ಯುಪಿಎಸ್ ಕೆಲಸ)

ನಿಮ್ಮ ಮೂರು ನಿಮಿಷದಲ್ಲಿ ಎರಡು ನಿಮಿಷ ಆ 11 ಎಂಬಿಯಲ್ಲಿದೆ. ನಿಮ್ಮ ಜಾಲ 100 ಮೆಗಾಬಿಟ್‌ನಲ್ಲಿ ನಡೆಯುತ್ತಿದೆ. ಎಂಟು ಬಿಟ್‌ಗೆ ಒಂದು ಬೈಟ್ ಎಂಬ ಲೆಕ್ಕದಲ್ಲಿ ಅದರ ಮೇಲ್ಮಿತಿಯೇ ಸೆಕೆಂಡಿಗೆ 12.5 ಎಂಬಿ, ಕೈಗೆ ಸಿಗುವುದು ಹನ್ನೊಂದೋ ಹನ್ನೆರಡೋ. 600 ಎಂಬಿಯ ಒಂದು ಫೈಲು ಈ ದಾರಿಯಲ್ಲಿ ಬರಲು 50 ಸೆಕೆಂಡು ದಾಟುತ್ತದೆ. ಗಿಗಾಬಿಟ್ ಜಾಲದಲ್ಲಿ ಅದೇ ಫೈಲು ಆರು ಸೆಕೆಂಡಿನಷ್ಟರಲ್ಲಿ ಬರಬಲ್ಲದು. ನಿಮ್ಮ ಐದು ಕಂಪ್ಯೂಟರುಗಳ ಬೋರ್ಡಿನಲ್ಲಿ ಗಿಗಾಬಿಟ್ ಪೋರ್ಟ್ ಇರುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ ಮೊದಲು ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಬೆನ್ನು ತಿರುಗಿಸಿ ನೋಡಿ. 10/100 ಎಂದು ಬರೆದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಸ್ವಿಚ್ ಬದಲಿಸಿದ ಮೇಲೂ ಒಂದೆರಡು ಕಂಪ್ಯೂಟರು 100ರಲ್ಲೇ ಉಳಿದರೆ ಆಶ್ಚರ್ಯಪಡಬೇಡಿ. 100 ಮೆಗಾಬಿಟ್‌ಗೆ ಕೇಬಲ್ಲಿನೊಳಗಿನ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಒಂದು ತಂತಿ ತುಂಡಾದರೂ, ಕನೆಕ್ಟರಿನ ಒಂದು ಕಾಲಿಗೆ ಕಿಲುಬು ಹಿಡಿದರೂ, ಜಾಲ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ದೂರು ಹೇಳುವುದಿಲ್ಲ, ಕೆಂಪು ದೀಪವನ್ನೂ ತೋರಿಸುವುದಿಲ್ಲ. ನಮ್ಮ ಮಲೆನಾಡಿನ ಥಂಡಿಯಲ್ಲಿ ನಾನು ಅತಿ ಹೆಚ್ಚು ಬದಲಿಸಿರುವ ವಸ್ತುವೆಂದರೆ ಕೇಬಲ್ಲಿನ ತುದಿಯ ಆ ಪ್ಲಾಸ್ಟಿಕ್ ಕನೆಕ್ಟರೇ. ಕನೆಕ್ಟರ್ ಬದಲಿಸಿದರೂ ವೇಗ ಬಾರದಿದ್ದರೆ ಮಾತ್ರ ಹೊಸ ಕ್ಯಾಟ್6 ಕೇಬಲ್ ಎಳೆಸಿ.

ಸರ್ವರ್ ಪಕ್ಕದ ಕಟ್ಟಡದಲ್ಲಿದ್ದರೆ, ಅಲ್ಲಿಗೆ ತಾಮ್ರದ ಕೇಬಲ್ ಹಾಕಲೇಬೇಡಿ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದ ಒಂದು ಸಂಜೆ, ಎರಡು ಕಟ್ಟಡಗಳ ನಡುವೆ ಎಳೆದಿದ್ದ ಕೇಬಲ್ಲಿನ ಮೂಲಕ ಬಂದ ಹೊಡೆತಕ್ಕೆ ಸ್ವಿಚ್ಚೂ ನಾಲ್ಕು ಮದರ್‌ಬೋರ್ಡುಗಳೂ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಥಲ್ಲಿ ಫೈಬರ್ ಒಳ್ಳೆಯದು, ಅದರ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಕೊಳ್ಳುವಾಗ ಒಳಗೆ ಲೋಹದ ತಂತಿ ಇಲ್ಲದ್ದನ್ನೇ ಕೇಳಿ.

ಇನ್ನು ರಾತ್ರಿಯ ರೆಂಡರ್. ಸಾಮಾನ್ಯವಾಗಿ ಮೇಜಿನ ಕೆಳಗೆ ಕಾಣುವುದು 600 ವಿಎ ಯುಪಿಎಸ್. ಅದು ಹೊರಬಲ್ಲದ್ದು ಸುಮಾರು 360 ವಾಟ್. ವಿಎ ಮತ್ತು ವಾಟ್ ಒಂದೇ ಅಲ್ಲ ಎಂಬುದನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ರೆಂಡರ್ ಯಂತ್ರದಲ್ಲಿ ಕಾರ್ಡೂ ಪ್ರೊಸೆಸರೂ ಒಟ್ಟಿಗೆ ದುಡಿಯುತ್ತಿರುವಾಗ ಕರೆಂಟ್ ಹೋದರೆ, ಹಳೆಯ ಬ್ಯಾಟರಿಯ ಯುಪಿಎಸ್ ಆ ಭಾರವನ್ನು ಹೊರಲಾರದೆ ಕುಸಿಯುತ್ತದೆ. ಆ ಒಂದು ಯಂತ್ರಕ್ಕೆ 1000 ವಿಎಗಿಂತ ಕಡಿಮೆಯದ್ದನ್ನು ತರಬೇಡಿ. ಸಾಧ್ಯವಾದರೆ ಶುದ್ಧ ಸೈನ್ ತರಂಗ ಕೊಡುವುದನ್ನೇ ಆರಿಸಿ, ಏಕೆಂದರೆ ಈಗಿನ ಒಳ್ಳೆಯ ಪವರ್ ಸಪ್ಲೈಗಳಲ್ಲಿರುವ ಆ್ಯಕ್ಟಿವ್ ಪಿಎಫ್‌ಸಿ ಎಂಬ ವ್ಯವಸ್ಥೆಗೂ ಅಗ್ಗದ ಯುಪಿಎಸ್‌ಗಳ ಮೆಟ್ಟಿಲು ತರಂಗಕ್ಕೂ ಕೆಲವೊಮ್ಮೆ ಹೊಂದಿಕೆಯಾಗುವುದಿಲ್ಲ. ಕಚೇರಿಗೆಲ್ಲ ಒಂದೇ ಇನ್ವರ್ಟರ್ ಇದ್ದರೆ, ಅದು ಬದಲಾಗುವ ಕ್ಷಣದಲ್ಲಿ ಕಂಪ್ಯೂಟರುಗಳು ರೀಸ್ಟಾರ್ಟ್ ಆಗುತ್ತವೆಯೇ ಎಂದು ಹಗಲಿನಲ್ಲೇ ಮೇನ್ಸ್ ಇಳಿಸಿ ಪರೀಕ್ಷಿಸಿ. ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗನ್ನೂ ನೋಡಿಸಿ. ಅರ್ಥಿಂಗ್ ಇಲ್ಲದ ಗೋಡೆಗೆ ಎಂಥ ಯುಪಿಎಸ್ ತಂದರೂ ಅರ್ಧ ರಕ್ಷಣೆಯೇ.

ಉತ್ತರ 3 (ತೀರ್ಥಹಳ್ಳಿ, ತ್ರಿಆಯಾಮದ ಚಿತ್ರಣ)

ಮೇಲಿನ ಇಬ್ಬರೂ ಪೆಟ್ಟಿಗೆಯೊಳಗಿನ ಮಾತನ್ನು ಆಡಿದ್ದಾರೆ. ನಾನು ಮಾಡಿನ ಮೇಲೆ ಹತ್ತಬೇಕೆಂದಿದ್ದೇನೆ, ಏಕೆಂದರೆ ನಿಮ್ಮ ತೊಂದರೆಯ ಒಂದು ದೊಡ್ಡ ಪಾಲು ಅಲ್ಲಿದೆ.

ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕಾಗುತ್ತದೆ. 300 ಚದರ ಮೀಟರಿನ ಮಾಡಿಗೆ 4,500 ಹೆಂಚು. ಅಂತರಜಾಲದಿಂದ ಇಳಿಸಿಕೊಂಡ ಚೆಂದದ ಒಂದು ಹೆಂಚಿನ ಮಾದರಿಯಲ್ಲಿ, ಅಂಚಿನ ತೋಡು, ಬೆನ್ನಿನ ಉಬ್ಬು ಎಲ್ಲ ಸೇರಿ ಎರಡು ಸಾವಿರ ಮುಖಗಳಿವೆ ಎಂದಿಟ್ಟುಕೊಳ್ಳಿ. ಒಟ್ಟು 90 ಲಕ್ಷ ಮುಖಗಳಾದವು. ಹೆಂಚನ್ನು ಕಾಂಪೊನೆಂಟ್ ಮಾಡಿದ್ದೇವಲ್ಲ ಎನ್ನಬಹುದು. ಕಾಂಪೊನೆಂಟ್ ಮಾಡಿದರೆ ಫೈಲಿನ ಗಾತ್ರ ಇಳಿಯುವುದು ನಿಜ, ಏಕೆಂದರೆ ಹೆಂಚಿನ ವಿವರ ಅದರಲ್ಲಿ ಒಮ್ಮೆ ಮಾತ್ರ ಉಳಿಯುತ್ತದೆ. ಆದರೆ ಪರದೆಯ ಮೇಲೆ 4,500 ಹೆಂಚನ್ನೂ ಬಿಡಿಸಲೇಬೇಕಲ್ಲ! ಆಮೇಲೆ ಅಂಗಳದಾಚೆ ಎಲೆ ಎಲೆಯೂ ಕಾಣುವ ಇನ್ನೂರು ಅಡಿಕೆ ಮರ ನೆಟ್ಟರೆ ಯಾವ ಕಂಪ್ಯೂಟರಾದರೂ ಮಂಡಿಯೂರುತ್ತದೆ.

ನಾವು ಮಾಡುವುದು ಹೀಗೆ. ಸೂರಿನ ಅಂಚಿನ ಎರಡು ಸಾಲು ಮತ್ತು ಮೂಲೆಯ ಕೋಡುಹೆಂಚುಗಳನ್ನು ಮಾತ್ರ ನಿಜವಾದ ಮಾದರಿಯಾಗಿ ಕೂರಿಸುತ್ತೇವೆ, ಏಕೆಂದರೆ ಕಣ್ಣು ಹೆಂಚಿನ ದಪ್ಪವನ್ನು ಕಾಣುವುದು ಅಲ್ಲಿ. ಉಳಿದ ಮಾಡೆಲ್ಲ ಬರೀ ಚಪ್ಪಟೆ ಮೇಲ್ಮೈಗೆ ಹಾಸಿದ ಹೆಂಚಿನ ಚಿತ್ರ. ಮರಗಳನ್ನು ಪ್ರಾಕ್ಸಿಯಾಗಿ, ಅಂದರೆ ಹಗುರವಾದ ಬದಲಿ ರೂಪದಲ್ಲಿ ಇಟ್ಟು, ರೆಂಡರ್ ಹೊತ್ತಿಗೆ ಮಾತ್ರ ಅವುಗಳ ಪೂರ್ಣರೂಪ ಬರುವಂತೆ ಮಾಡುತ್ತೇವೆ. ಕೆಲಸ ನಡೆಯುವಾಗ ಮಾಡನ್ನು ಬೇರೆ ಟ್ಯಾಗಿನಲ್ಲಿಟ್ಟು ಮರೆಮಾಡಿಕೊಳ್ಳುವುದು ಇನ್ನೂ ಸುಲಭ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ, ನಿಮ್ಮ ಹುಡುಗರಿಗೆ ಒಂದು ಮಧ್ಯಾಹ್ನ ಕಲಿಸಿದರೆ ಆಯಿತು. ಆಟೋಕ್ಯಾಡ್‌ನಲ್ಲೂ ಸರ್ವೆಯವರಿಂದ ಬಂದ ನಕ್ಷೆಗಳನ್ನು ಹಾಗೆಯೇ ಎಕ್ಸ್‌ರೆಫ್ ಮಾಡಬೇಡಿ. ಮೊದಲು ಬೇಡದ್ದನ್ನು ತೆಗೆದು ದೋಷ ಸರಿಪಡಿಸುವ ಪರ್ಜ್, ಆಡಿಟ್, ಓವರ್‌ಕಿಲ್ ಆದೇಶಗಳನ್ನು ಓಡಿಸಿ ನೋಡಿ, ಕೆಲವು ಫೈಲುಗಳು ನಂಬಲಾಗದಷ್ಟು ಇಳಿಯುತ್ತವೆ.

ರೆಂಡರ್ ಯಂತ್ರದ ವಿಷಯಕ್ಕೆ ಬರುತ್ತೇನೆ. ನೀವು ಯಾವ ರೆಂಡರ್ ತಂತ್ರಾಂಶ ಬಳಸುತ್ತೀರಿ ಎಂದು ಬರೆದಿಲ್ಲ, ಉತ್ತರ ಪೂರ್ತಿ ಅದನ್ನೇ ಅವಲಂಬಿಸಿದೆ. ಲುಮಿಯನ್, ಎನ್‌ಸ್ಕೇಪ್‌ನಂಥವು ಗ್ರಾಫಿಕ್ಸ್ ಕಾರ್ಡಿನ ಮೇಲೆ ನಿಂತಿವೆ. ವಿ-ರೇಯನ್ನು ಪ್ರೊಸೆಸರಿನಲ್ಲಿ ಓಡಿಸಿದರೆ ಅದು ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಎರಡನೆಯದಾದರೆ ನಿಮ್ಮ ಅದೃಷ್ಟ ಒಳ್ಳೆಯದು: ಬಿ450 ಬೋರ್ಡಿನ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ನವೀಕರಿಸಿದರೆ 12 ಕೋರ್‌ಗಳ ರೈಜೆನ್ 9 5900ಎಕ್ಸ್ ವರೆಗೂ ಹಾಕಬಹುದು. ಆದರೆ ಅಗ್ಗದ ಬೋರ್ಡಾದರೆ ಅದರ ವಿದ್ಯುತ್ ಪೂರೈಕೆಯ ಭಾಗ ಬಿಸಿಯಾಗುತ್ತದೆ, ಅಂಥಲ್ಲಿ 8 ಕೋರ್‌ಗಳ, 65 ವಾಟಿನ 5700ಎಕ್ಸ್ ಸಾಕು. ಹಳೆಯ ರೈಜೆನ್ 3600 ಕೂಡ ವಿಂಡೋಸ್ 11ಕ್ಕೆ ಒಪ್ಪಿತವೇ, ಆ ಚಿಂತೆ ಬೇಡ.

ಕಾರ್ಡಿನ ಮೇಲೆ ನಿಂತ ರೆಂಡರ್ ಆದರೆ, ಕಾರ್ಡಿನ ವೇಗಕ್ಕಿಂತ ಮೊದಲು ಅದರ ಮೆಮೊರಿಯನ್ನು ನೋಡಿ. ಮೇಲ್ಮೈಗೆ ಹಾಸುವ 4096 × 4096 ಅಳತೆಯ ಒಂದು ಚಿತ್ರ, ಅಂದರೆ ಟೆಕ್ಸ್‌ಚರ್, ಸಂಕುಚಿತಗೊಳಿಸದಿದ್ದರೆ, ಮೆಮೊರಿಯಲ್ಲಿ 64 ಎಂಬಿ ಹಿಡಿಯುತ್ತದೆ. ಜಂಬಿಟ್ಟಿಗೆ, ಹೆಂಚು, ಕಡಪ ಕಲ್ಲು, ಹಲಸಿನ ಮರದ ಕಂಬ, ಹುಲ್ಲು ಎಂದು ಐವತ್ತು ಬಗೆ ಸೇರಿದರೆ 3 ಜಿಬಿ ದಾಟಿತು, ಆಕಾರಗಳ ಲೆಕ್ಕ ಬೇರೆ. 6 ಜಿಬಿ ತುಂಬಿ ಚೆಲ್ಲಿದ ಕ್ಷಣದಿಂದ ಕೆಲಸ ತೆವಳುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಈ ಕಾರಣಕ್ಕೆ, 2021ರ ಆರ್‌ಟಿಎಕ್ಸ್ 3060 ಹಳೆಯದಾದರೂ ಅದರ 12 ಜಿಬಿ ಮಾದರಿ, 2023ರ 8 ಜಿಬಿಯ 4060ಕ್ಕಿಂತ ನಮ್ಮಂಥವರಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು 170 ವಾಟ್ ಎಳೆಯುತ್ತದೆ, ಎರಡನೆಯದು 115 ವಾಟ್. ಸಾಗರದವರ ಯುಪಿಎಸ್ ಲೆಕ್ಕಕ್ಕೆ ಈ ವ್ಯತ್ಯಾಸವನ್ನೂ ಸೇರಿಸಿಕೊಳ್ಳಿ. ಹೊಸದನ್ನೇ ಕೊಳ್ಳುವ ಶಕ್ತಿ ಇದ್ದರೆ 16 ಜಿಬಿಯ ಕಾರ್ಡುಗಳನ್ನು ನೋಡಿ.

ಒಂದು ಮಾತಿಗೆ ಮಾತ್ರ ಸ್ವಲ್ಪ ತಿದ್ದುಪಡಿ. ಸ್ಕೆಚ್‌ಅಪ್‌ಗೆ ಕಾರ್ಡ್ ಬೇಡವೇ ಬೇಡ ಎಂದುಕೊಳ್ಳಬೇಡಿ. 2024ರ ಆವೃತ್ತಿಯಿಂದ ಅದಕ್ಕೆ ಹೊಸ ಗ್ರಾಫಿಕ್ಸ್ ಎಂಜಿನ್ ಬಂದಿದೆ, ತಿರುಗಿಸಿ ನೋಡುವ ಕೆಲಸ ಸಾಧಾರಣ ಕಾರ್ಡಿನಲ್ಲೂ ಹಿಂದಿಗಿಂತ ಎಷ್ಟೋ ನಯವಾಗಿದೆ.

ಮತ್ತೆ, ಥಂಡಿ. ಶಿವಮೊಗ್ಗ ಪೇಟೆಯವರು ಇದನ್ನು ಕೇಳಿ ನಗಬಹುದು, ನಿಮ್ಮಲ್ಲಿ ಅರ್ಧ ಬಯಲುಸೀಮೆ. ನಮ್ಮಲ್ಲಿ ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರಿನೊಳಗೆ ಬೂಷ್ಟು ಬರುತ್ತದೆ. ದಿನವೂ ಒಂದೆರಡು ಗಂಟೆ ಓಡುವ ಯಂತ್ರಕ್ಕೆ ಆ ಕಾಟ ಕಡಿಮೆ, ಅದರದೇ ಶಾಖ ಅದನ್ನು ಕಾಯುತ್ತದೆ. ಹಿಂಬದಿಯ ಖಾಲಿ ಸ್ಲಾಟುಗಳಿಗೆ ತಗಡಿನ ಪಟ್ಟಿ ಹಾಕಿಸಿ, ಇಲ್ಲದಿದ್ದರೆ ಹಲ್ಲಿ ಒಳಗೆ ಬಿಡಾರ ಹೂಡುತ್ತದೆ. ನನ್ನ ಒಂದು ಪವರ್ ಸಪ್ಲೈ ಹಲ್ಲಿಯೊಂದಿಗೇ ಸತ್ತಿತು.

ಉತ್ತರ 1ನ್ನು ಬರೆದವರು

ತೀರ್ಥಹಳ್ಳಿಯವರ ತಿದ್ದುಪಡಿ ಸರಿ, ಒಪ್ಪಿದೆ. ಹೆಂಚಿನ ಲೆಕ್ಕ ನನಗೆ ಹೊಳೆದಿರಲಿಲ್ಲ.

ಮೇಡಂ, ನಿಮ್ಮ ಅಂಕಿಗಳನ್ನು ನೋಡಿದ ಮೇಲೆ ನನ್ನ ಸಲಹೆ ಹೀಗಿದೆ. ಮೊದಲು ಸ್ವಿಚ್ ಮತ್ತು ಕನೆಕ್ಟರುಗಳನ್ನು ಸರಿಪಡಿಸಿ, ಸರ್ವರಿಗೆ ಒಂದು ಎಸ್‌ಎಸ್‌ಡಿ ಹಾಕಿಸಿ. ಜಾಲ ಅಗಲವಾದ ಮೇಲೆ ಸರ್ವರಿನ ಹಾರ್ಡ್ ಡಿಸ್ಕೇ ಮುಂದಿನ ಅಡ್ಡಿಯಾಗುತ್ತದೆ, ಅದರಲ್ಲೂ ಹಲವಾರು ಸಣ್ಣ ಎಕ್ಸ್‌ರೆಫ್‌ಗಳನ್ನು ಒಟ್ಟಿಗೆ ಓದುವಾಗ. ಐದು ಹಳೆಯ ಕಂಪ್ಯೂಟರುಗಳಲ್ಲಿ ಸ್ಕೆಚ್‌ಅಪ್ ಹೆಚ್ಚು ಬಳಸುವ ಇಬ್ಬರದ್ದನ್ನು ಪೂರ್ತಿ ಹೊಸದಾಗಿಸಿ. ರೈಜೆನ್ 5 7600ರಂಥದ್ದು 5.1 ಗಿಗಾಹರ್ಟ್ಸ್ ವರೆಗೆ ಏರುತ್ತದೆ, ನಿಮ್ಮ 7400 ಏರುವುದು 3.5ರ ವರೆಗೆ ಮಾತ್ರ. ಅದರ ಎಎಂ5 ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಬೆಂಬಲ ನೀಡುವುದಾಗಿ ಎಎಂಡಿ ಹೇಳಿದೆ. ಇಂಟೆಲ್ ಬೇಕೆಂದರೆ ಐ5-12400 ತೆಗೆದುಕೊಳ್ಳಬಹುದು, ಆದರೆ ಬೇರೆ ಕಾರ್ಡ್ ಹಾಕದಿದ್ದರೆ ಹೆಸರಿನ ಕೊನೆಗೆ ಎಫ್ ಅಕ್ಷರವಿರುವುದನ್ನು ತರಬೇಡಿ, ಅದರಲ್ಲಿ ಪರದೆಗೆ ಚಿತ್ರ ಕೊಡುವ ಭಾಗವೇ ಇಲ್ಲ. ಅಂಗಡಿಯಲ್ಲಿ 13 ಅಥವಾ 14ನೆಯ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರ್ ತೋರಿಸಿದರೆ, ಅವುಗಳಲ್ಲಿ ಕಂಡ ಅಸ್ಥಿರತೆಗೆ ಇಂಟೆಲ್ 2024ರಲ್ಲಿ ಬಿಡುಗಡೆ ಮಾಡಿದ ಮೈಕ್ರೋಕೋಡ್ ತಿದ್ದುಪಡಿ ಬಯೋಸ್‌ನಲ್ಲಿದೆಯೇ ಎಂದು ಕೇಳಿ. ಆ ಪ್ರೊಸೆಸರುಗಳಿಗೆ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿರುವುದೂ ನೆನಪಿರಲಿ.

ಆ ಎರಡು ಕಂಪ್ಯೂಟರುಗಳನ್ನು ತೆಗೆದಾಗ 8 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳು ಕೈಗೆ ಬರುತ್ತವೆ. ಅವನ್ನು ಮಾರಬೇಡಿ. ಉಳಿದ ಮೂರು ಹಳೆಯ ಬೋರ್ಡುಗಳಲ್ಲಿ ಎರಡಕ್ಕೆ ಅವನ್ನು ಹಾಕಿ, ಮೂರನೆಯದಕ್ಕೆ ಮಾತ್ರ ಒಂದು ಪಟ್ಟಿ ಕೊಂಡರೆ ಮೂರೂ 16 ಜಿಬಿ ಆಗುತ್ತವೆ. ಜೋಡಿಯಾಗಿ ಕುಳಿತಾಗ ರ‍್ಯಾಮ್ ಎರಡು ಚಾನೆಲ್‌ಗಳಲ್ಲಿ ಓಡುವ ಲಾಭವೂ ಸಿಗುತ್ತದೆ. ರ‍್ಯಾಮಿನ ಬೆಲೆ 2025ರ ಕೊನೆಯಿಂದ ಏರಿರುವಾಗ ಇದು ಸಣ್ಣ ಉಳಿತಾಯವಲ್ಲ. ಮೂರಕ್ಕೂ ಸಾಟಾ ಎಸ್‌ಎಸ್‌ಡಿ ಹಾಕಿಸಿ ಎರಡು ಆಯಾಮದ ನಕ್ಷೆಗೆ ಮೀಸಲಿಡಿ. ಅವು ವಿಂಡೋಸ್ 10ರಲ್ಲೇ ಇರುವುದರಿಂದ ಮೈಕ್ರೋಸಾಫ್ಟಿನ ವಿಸ್ತರಿತ ಭದ್ರತಾ ನವೀಕರಣವನ್ನು ಹಣ ಕೊಟ್ಟು ಪಡೆಯಬೇಕು. ಸಂಸ್ಥೆಗಳಿಗೆ ಅದರ ದರ ವರ್ಷವರ್ಷವೂ ಇಮ್ಮಡಿಯಾಗುತ್ತದೆ, ಆದ್ದರಿಂದ ಮುಂದಿನ ಬಜೆಟ್ಟಿನಲ್ಲಿ ಈ ಮೂರಕ್ಕೆ ವಿದಾಯ ಹೇಳುವುದು ಒಳ್ಳೆಯದು. ಬಿಚ್ಚಿದ ಹಾರ್ಡ್ ಡಿಸ್ಕುಗಳಲ್ಲಿ ಗಟ್ಟಿಮುಟ್ಟಾದ ಎರಡನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಿ, ಒಂದು ಕಚೇರಿಯಲ್ಲಿ, ಇನ್ನೊಂದು ನಿಮ್ಮ ಮನೆಯಲ್ಲಿ. ಹಾರ್ಡ್ ಡಿಸ್ಕ್ ಹೋಗುವ ಮೊದಲು ಕಟಕಟ ಎಂದಾದರೂ ಹೇಳುತ್ತದೆ, ಎಸ್‌ಎಸ್‌ಡಿ ಎಷ್ಟೋ ಸಲ ಮಾತಿಲ್ಲದೆ ಹೋಗುತ್ತದೆ.

ಉತ್ತರ 4 (ಶಿವಮೊಗ್ಗ, ಲೆಕ್ಕಪತ್ರ ವೃತ್ತಿ)

ಹಣದ ಕಡೆಯಿಂದ ಒಂದು ಮಾತು. ಕಂಪ್ಯೂಟರುಗಳಿಗೆ ಆದಾಯ ತೆರಿಗೆಯಲ್ಲಿ 40 ಪ್ರತಿಶತ ಸವಕಳಿ ದೊರೆಯುತ್ತದೆ. ಆ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಸಿಗುವುದು ಅದರ ಅರ್ಧ. ಹಾಗಾಗಿ ಕೊಳ್ಳುವುದು ಖಚಿತವಾದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಕೊಂಡು ಬಳಕೆಗೆ ತನ್ನಿ. ಆದರೆ ತಾವು ಒಟ್ಟು ಸ್ವೀಕೃತಿಯ ಅರ್ಧವನ್ನು ಆದಾಯವೆಂದು ತೋರಿಸುವ ಅಂದಾಜು ಪದ್ಧತಿಯಲ್ಲಿದ್ದರೆ ಸವಕಳಿಯನ್ನು ಬೇರೆಯಾಗಿ ಕೇಳಲು ಬರುವುದಿಲ್ಲ, ಆಗ ಈ ಅವಸರವೂ ಬೇಡ. ಜಿಎಸ್‌ಟಿ ನೋಂದಣಿ ಇದ್ದರೆ ಕಟ್ಟಿದ ತೆರಿಗೆಯನ್ನು ಮುಂದೆ ಮುರಿದುಕೊಳ್ಳಲು ಬಿಲ್ಲಿನಲ್ಲಿ ತಮ್ಮ ಸಂಖ್ಯೆ ಬರೆಸುವುದನ್ನು ಮರೆಯಬೇಡಿ, 18 ಪ್ರತಿಶತ ಎಂದರೆ ಕಡಿಮೆ ಮೊತ್ತವಲ್ಲ.

ಪ್ರಶ್ನೆ ಕೇಳಿದವರು

ಸ್ವಿಚ್ಚಿನ ಬೆನ್ನಿನ ಮೇಲೆ 10/100 ಎಂದೇ ಇತ್ತು. ಹೊಸ ಗಿಗಾಬಿಟ್ ಸ್ವಿಚ್ ಹಾಕಿಸಿದೆವು. ನಾಲ್ಕು ಕಂಪ್ಯೂಟರು ಕೂಡಲೇ ಗಿಗಾಬಿಟ್‌ಗೆ ಏರಿದವು, ಕಿಟಕಿಯ ಪಕ್ಕದ್ದೊಂದು ಮಾತ್ರ ಹಟ ಹಿಡಿಯಿತು. ಅದರ ಕನೆಕ್ಟರ್ ಕತ್ತರಿಸಿ ನೋಡಿದರೆ ಸಾಗರದವರು ಹೇಳಿದ ಹಸಿರು ಕಿಲುಬು. ಮೂರು ನಿಮಿಷದ ಆ ನಕ್ಷೆ ಈಗ ಎಪ್ಪತ್ತು ಸೆಕೆಂಡಿಗೆ ತೆರೆಯುತ್ತಿದೆ, ಸರ್ವರಿಗೆ ಎಸ್‌ಎಸ್‌ಡಿ ಇನ್ನೂ ಬಂದಿಲ್ಲ.

ಹೆಂಚಿನ ವಿಷಯದಲ್ಲಿ ನಮ್ಮ ಹುಡುಗನೊಬ್ಬ ಮೊದಲು ಮುನಿಸಿಕೊಂಡ, ಒಂದೊಂದು ಹೆಂಚನ್ನೂ ಅವನೇ ಪ್ರೀತಿಯಿಂದ ಮಾಡಿದ್ದನಂತೆ. ಸೂರಿನ ಎರಡು ಸಾಲಿನಲ್ಲಿ ಅವನ ಹೆಂಚನ್ನೇ ಉಳಿಸಿಕೊಂಡಿದ್ದೇವೆ. ರೆಂಡರ್‌ಗೆ ನಾವು ಬಳಸುವುದು ಲುಮಿಯನ್, ಆದ್ದರಿಂದ 5900ಎಕ್ಸ್‌ನ ಯೋಚನೆ ಬಿಟ್ಟೆ. ಎರಡು ಹೊಸ ಕಂಪ್ಯೂಟರು, ರೆಂಡರ್ ಯಂತ್ರಕ್ಕೆ ಒಂದು ಯುಪಿಎಸ್, ಮೂರು ಎಸ್‌ಎಸ್‌ಡಿ ಎಂದು ಬರೆದುಕೊಟ್ಟು ಎರಡು ಅಂಗಡಿಗಳಿಂದ ಕೊಟೇಶನ್ ಕೇಳಿದ್ದೇನೆ. ಇಷ್ಟರ ಮೇಲೆ ಹಣ ಉಳಿದರೆ 12 ಜಿಬಿಯ ಕಾರ್ಡು, ಇಲ್ಲದಿದ್ದರೆ ಅದು ಮುಂದಿನ ವರ್ಷಕ್ಕೆ. ಕೊಟೇಶನ್ ಬಂದ ಮೇಲೆ ಪವರ್ ಸಪ್ಲೈ ಎಷ್ಟು ವಾಟಿನದ್ದು ಇರಬೇಕೆಂದು ತಮ್ಮನ್ನೇ ಮತ್ತೆ ಕೇಳುತ್ತೇನೆ.